ಮೊದಲ ಮುಕ್ಕಾಮಿನ ಬುತ್ತಿ

ಹಂದಿಮಾಂಸಕ್ಕೆ ಹೊಗೆ ಕೊಡುವುದರಲ್ಲಿ ತಿಮ್ಮವ್ವನ ಕೈಯಂಥ ಕೈ ಶಹಾಪುರ ಸುರಪುರದ ಸೀಮೆಯಲ್ಲಿ ಇನ್ನೊಂದಿಲ್ಲ ಎಂದು ಅವಳ ತವರಿನವರು ಹೇಳುತ್ತಿದ್ದರು. ಆದರೆ ಆ ಮಾಂಸ ಈಗ ಬಾಯಿಗೆ ಹೇಗಿರುತ್ತದೆ ಎಂದು ಕೇಳಿದರೆ ಹೇಳಲು ಬಾರದವಳು ಆ ಬಳಗದಲ್ಲೆಲ್ಲ ತಿಮ್ಮವ್ವ ಒಬ್ಬಳೇ. ಗಂಡನ ಜೊತೆ ಕಾಲುವೆಯ ಗೇಟಿನ ಮನೆಗೆ ಬಂದ ಮೇಲೆ ಅವಳು ಪ್ರತಿ ಬೇಸಿಗೆ ಹಿತ್ತಲಲ್ಲಿ ಒಲೆ ಹೂಡುತ್ತಾಳೆ, ಹೊಗೆಗೆ ಕಣ್ಣು ಕೆಂಪು ಮಾಡಿಕೊಳ್ಳುತ್ತಾಳೆ, ಮಾಂಸವನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಅಣ್ಣನ ಟ್ರಾಕ್ಟರಿಗೆ ಏರಿಸುತ್ತಾಳೆ. ಟ್ರಾಕ್ಟರು ಹೋಗುತ್ತದೆ. ಅವಳು ಉಳಿಯುತ್ತಾಳೆ.

ತವರಿನವರು ಮಣ್ಣು ಕಲ್ಲಿನ ಕೆಲಸದ ಒಡ್ಡರು. ಕಾಲುವೆ ಎಲ್ಲಿಗೆ ಹೋಯಿತೋ ಅಲ್ಲಿಗೆ ಅವರ ಗುಡಿಸಲು. ಒಂದು ಕಡೆಯ ತೋಡುವಿಕೆ ಮುಗಿದು ಗುಡಿಸಲು ಕೀಳುವ ಹೊತ್ತು ಬಂತೆಂದರೆ ಸಾಕಿದ ಹಂದಿ ಕೊಯ್ದು, ಉಪ್ಪು ಹಾಕಿ, ಹೊಗೆಯಲ್ಲಿ ಬೇಯಿಸಿ ದಾರಿಗೆ ಬುತ್ತಿ ಕಟ್ಟುತ್ತಿದ್ದರು. ಆ ಬುತ್ತಿಗೆ ಆ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಹೊರಡುವ ಮೊದಲು ಅದನ್ನು ಯಾರೂ ಬಾಯಿಗೆ ಇಡುವ ಹಾಗಿಲ್ಲ. ಮೊದಲ ಮುಕ್ಕಾಮು ಸೇರಿ, ಎತ್ತು ಬಿಚ್ಚಿ, ಎಲ್ಲರೂ ಕುಳಿತ ಮೇಲೆ ಗುಂಪಿನ ಹಿರಿಯಳು ಮೊದಲ ತುಂಡು ಕೊಯ್ಯಬೇಕು. ಅದಕ್ಕೂ ಮುಂಚೆ ಯಾವ ಮನೆಯವರಾದರೂ ಕಚ್ಚಿದರೆ ಆ ಮನೆಯವರು ತಮ್ಮ ಪಾಲು ಇಳಿಸಿಕೊಂಡು ಉಳಿಯುತ್ತಾರೆ, ಆ ಸಲ ಬರುವುದಿಲ್ಲ, ಅಷ್ಟೇ. ಜಗಳವಿಲ್ಲ, ದಂಡವಿಲ್ಲ. ತಿಮ್ಮವ್ವನ ತಾಯಿ ಹುಲಿಗೆವ್ವ ಅದನ್ನು ಹೀಗೆ ಹೇಳುತ್ತಿದ್ದಳು: "ಹೊಂಡೂದಕ್ಕ ಮೊದಲ ಬುತ್ತಿ ಬಿಚ್ಚಿದಾಂವ ಹೊಂಡಾಂವಲ್ಲ ಬಿಡ್ರಿ. ಅಂವನ ಜೀವ ಇಲ್ಲೇ ಅದ. ಎಲ್ಲಿ ಬುತ್ತಿ ಬಿಚ್ಚತಾರೋ ಅದs ಮುಕ್ಕಾಂ."

ಮುಕ್ಕಾಮಿನಲ್ಲಿ ಇನ್ನೊಂದು ನಡವಳಿಕೆ. ಅಲ್ಲಿಂದ ಏಳುವವರನ್ನು ಎಲ್ಲಿಗೆ, ಯಾವಾಗ ಬರುತ್ತೀರಿ ಎಂದು ಯಾರೂ ಕೇಳುವಂತಿಲ್ಲ, ತಡೆಯುವಂತೆಯೂ ಇಲ್ಲ. ಎದ್ದವರು ಎದ್ದರು.

ತಿಮ್ಮವ್ವನ ಗಂಡ ದುರಗಪ್ಪ ಅದೇ ಗುಂಪಿನಲ್ಲಿ ಕಲ್ಲು ಸೀಳುವವನಾಗಿದ್ದ. ಹಳ್ಳದ ಮೇಲೆ ಕಾಲುವೆ ದಾಟಿಸುವ ಕಟ್ಟಡ ಏಳುತ್ತಿದ್ದಾಗ ಹಾರೆಯಿಂದ ಜಾರಿದ ಒಂದು ಬಂಡೆ ಅವನ ಮೊಣಕಾಲಿನ ಕೆಳಗೆ ಕೂತಿತು. ಮೂಳೆ ಕೂಡಿತು, ಕಾಲು ಕೂಡಲಿಲ್ಲ. ಗುತ್ತಿಗೆದಾರ ಯಾರಿಗೋ ಹೇಳಿ, ಶಹಾಪುರದಿಂದ ಗೋಗಿಯ ಕಡೆ ಹೋಗುವ ದಾರಿಗೆ ಹತ್ತಿದ ಒಂದು ಉಪಕಾಲುವೆಯ ಗೇಟಿಗೆ ಅವನನ್ನು ಕಾವಲಿಗೆ ಹಚ್ಚಿಸಿದ. ಗೇಟಿನ ಪಕ್ಕದಲ್ಲೇ ಒಂದು ಕೋಣೆ, ಪರಸಿ ಕಲ್ಲಿನ ಮಾಳಿಗೆ, ಹಿಂದೆ ನಾಲ್ಕು ಹೆಜ್ಜೆಯ ಹಿತ್ತಲು. ಮಗಳೊಬ್ಬಳಿದ್ದಳು, ಅವಳನ್ನು ಕೆಂಭಾವಿಗೆ ಕೊಟ್ಟದ್ದಾಯಿತು. ಆಮೇಲೆ ಆ ಕೋಣೆಯಲ್ಲಿ ಉಳಿದವರು ಇವರಿಬ್ಬರೇ.

ಕೆಲಸ ದುರಗಪ್ಪನ ಹೆಸರಿನಲ್ಲಿತ್ತು. ಗೇಟು ಎತ್ತುವ ಕಬ್ಬಿಣದ ಚಕ್ರ ತಿರುಗಿಸುವ ತೋಳು ಮಾತ್ರ ತಿಮ್ಮವ್ವನದು. ಎರಡು ಕಾಲನ್ನೂ ನೆಲಕ್ಕೆ ಊರಿ ಮೈಯೆಲ್ಲ ಹಾಕಿ ಜಗ್ಗಿದರೆ ಮಾತ್ರ ತಿರುಗುವ ಚಕ್ರ ಅದು. ಒಂಟಿ ಕಾಲಿನವನಿಗೆ ಬಗ್ಗುವುದಲ್ಲ. ಜೀಪಿನಲ್ಲಿ ಸಾಹೇಬರು ಬಂದರೆ ದುರಗಪ್ಪ ಚಕ್ರದ ಮೇಲೆ ಕೈಯಿಟ್ಟು ಎದೆ ಮುಂದೆ ಮಾಡಿ ನಿಲ್ಲುವನು. ತಿಮ್ಮವ್ವ ಕೊಡ ಹಿಡಿದು, ನೀರಿಗೆ ಹೊರಟವಳ ಹಾಗೆ, ಅಲ್ಲೇ ಸುಳಿದಾಡುವಳು. ಗುಟ್ಟು ಒಡೆದರೆ ಕೆಲಸವೂ ಇಲ್ಲ, ಕೋಣೆಯೂ ಇಲ್ಲ. ಹಾಗಾಗಿ ಅವಳು ಒಂದು ಹಗಲು ಕೂಡ ಆ ಚಕ್ರ ಬಿಟ್ಟು ಅತ್ತಿತ್ತ ಹೋಗುವಂತಿರಲಿಲ್ಲ. ಅಬ್ಬೆತುಮಕೂರಿನ ಮಠದ ಜಾತ್ರೆಗೆ ಎಲ್ಲರೂ ಬಂಡಿ ಕಟ್ಟಿದಾಗ ಅವಳು ಬಂಡಿ ಎಣಿಸಿದಳು. ಮಗಳ ಬಾಣಂತನಕ್ಕೆ ಮಗಳೇ ಬರಬೇಕಾಯಿತು.

ಮೊದಮೊದಲು ಆ ಮಾಳಿಗೆಯ ಕೆಳಗೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ತಟ್ಟಿಯ ಗುಡಿಸಲಲ್ಲಿ ಮಲಗಿದವಳು, ಗೋಡೆ ಅವಳಿಗೆ ಎದೆಯ ಮೇಲೆ ಕೂತಂತಾಗುತ್ತಿತ್ತು. ಕಾಲುವೆಯ ಏರಿಯ ಮೇಲೆ ಕೂತು ನೀರು ನೋಡುವಳು. ಈ ಕಾಲುವೆಯ ಮಣ್ಣನ್ನು ತಾನೇ ತಲೆಯ ಮೇಲೆ ಹೊತ್ತದ್ದು. ಹೊತ್ತು ತೋಡಿದ ಕಾಲುವೆಯಲ್ಲಿ ನೀರು ಮುಂದೆ ಮುಂದೆ ಹೋಗುತ್ತಿತ್ತು, ತೋಡಿದವಳು ಗೇಟಿಗೆ ಕಟ್ಟಿದ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿದ್ದಳು.

ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದು ನಿಲ್ಲುತ್ತದೆ. ಆಗಲಾದರೂ ಹೋಗಬಹುದಿತ್ತು. ತಾಯಿಯೂ ಅಣ್ಣ ಭಾಗಣ್ಣನೂ ಅದೇ ಹೊತ್ತಿಗೆ ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೊರಡುತ್ತಿದ್ದರು. ಹೋಗುವ ದಾರಿಯಲ್ಲಿ ಹಸಿ ಮಾಂಸ ತಂದು ಇವಳ ಮುಂದೆ ಇಳಿಸುವರು. ತಾಯಿಯ ಕೈ ನಡುಗತೊಡಗಿದ ಮೇಲೆ ಹೊಗೆಯ ಕೆಲಸ ಇವಳಿಗೇ ಬಂದಿತ್ತು. "ಈ ಸಲ ನೀನೂ ಹತ್ತು" ಎಂದು ಅಣ್ಣ ಪ್ರತಿ ವರ್ಷ ಹೇಳುವನು. ಪ್ರತಿ ವರ್ಷ ಏನಾದರೊಂದು ಆಗುವುದು. ಒಂದು ಸಲ ಕೆರೆ ತುಂಬಿಸಲು ನೀರು ಬಿಡುತ್ತಾರೆಂದು ಸುದ್ದಿ, ಒಂದು ಸಲ ದುರಗಪ್ಪನಿಗೆ ಜ್ವರ, ಒಂದು ಸಲ ಹೊರಡುವ ದಿನವೇ ಅವನ ಕಾಲು ಬಾತು ಕುಂಬಳದಂತಾಯಿತು. ಹುಲಿಗೆವ್ವ ಒಮ್ಮೆಯೂ ಆ ಕೋಣೆಯೊಳಗೆ ಬರಲಿಲ್ಲ. ಟ್ರಾಕ್ಟರಿನ ಹಿಂದೆ ಕಟ್ಟಿದ ಡಬ್ಬಿಯಲ್ಲೇ ಕೂತು ಮಗಳ ಗಲ್ಲ ಸವರಿ ಹೋಗುವಳು.

ಆ ವರ್ಷ ಭಾಗಣ್ಣ ಮುಂಚಿತವಾಗಿಯೇ ಬಂದು ಸುದ್ದಿ ಹೇಳಿದ.

"ಇಲ್ಲಿ ನಮ್ಮ ಕೆಲಸ ಮುಗೀತವ್ವ. ಮಣ್ಣು ತೋಡಾಕ ಈಗ ಯಂತ್ರ ಬಂದಾವ. ಒಂದು ಯಂತ್ರ ನಮ್ಮ ಇಡೀ ಗುಂಪಿನ ಕೆಲಸ ಮಾಡ್ತದ, ಊಟಾನೂ ಕೇಳೂದಿಲ್ಲ. ಕೊಂಕಣದ ಕಡಿ ಗುಡ್ಡ ಕೊರದು ರೈಲು ಹಾದಿ ಮಾಡಾಕತ್ತಾರಂತ. ಅಲ್ಲಿಗೆ ಹೊಂಟೀವಿ. ಯಾದಗಿರಿಗೆ ಹೋಗಿ ಮುಂಬೈ ರೈಲು ಹತ್ತತೀವಿ."

"ಮತ್ತ ಯಾವಾಗ ಬರ್ತೀರಿ?" ಎಂದು ಕೇಳಿಬಿಟ್ಟು ತಿಮ್ಮವ್ವ ನಾಲಿಗೆ ಕಚ್ಚಿಕೊಂಡಳು. ಕೇಳಬಾರದ ಮಾತು.

ಭಾಗಣ್ಣ ಅವಳ ಮುಖ ನೋಡಲಿಲ್ಲ. "ಅವ್ವ ಈ ಕಡಿ ತಿರುಗಿ ಬರೂದು ಆಗೂದಿಲ್ಲ, ತಂಗಿ. ನಿನಗ ಗೊತ್ತದ. ರೈಲು ಹತ್ತತನಕರ ಮಗಳು ಜೋಡಿ ಇರಲಿ ಅಂತಾಳ. ಮೊದಲ ಮುಕ್ಕಾಂ ಭೀಮಾ ದಂಡಿ ಮ್ಯಾಲೆ, ಸೇತುವಿ ಈ ಕಡಿ. ಅಲ್ಲಿ ನೀ ಹೊಗಿ ಹಾಕಿದ ತುಂಡು ನಿನ್ನ ಕೈಲೇ ತಿಂತಾಳಂತ."

ಅಷ್ಟೇ ಬೇಕಾಗಿತ್ತು ತಿಮ್ಮವ್ವನಿಗೆ. ಭೀಮಾ ದಂಡೆಯ ತನಕ, ಸಾಧ್ಯವಾದರೆ ಅಲ್ಲಿಂದ ಕೊಂಕಣದ ತನಕ, ಅವ್ವನ ಮಗ್ಗುಲಲ್ಲಿ ಕೂತು ಹೋಗಬೇಕು.

ಪಕ್ಕದ ಕೋಣೆಯ ಶರೀಫಸಾಬ ಕಾಲುವೆಯ ನೀರಿನ ಮಟ್ಟ ನೋಡುವ ಕೆಲಸದವನು. ಅವನನ್ನು ತಿಮ್ಮವ್ವ ದುರಗಪ್ಪನ ಎದುರೇ ಕೇಳಿದಳು, "ಸಾಬ್ರ, ಈ ಬ್ಯಾಸಗಿಗಿ ನೀರು ಬಿಡ್ತಾರೇನ್ರಿ?"

"ಎಲ್ಲೀ ನೀರು ಬೇ? ಮ್ಯಾಲೆ ಕಾಲುವಿ ಗ್ವಾಡಿ ಕಿತ್ತು ಹಾಕ್ಯಾರ. ಮಿರಗದ ಮಳಿ ತನಕ ಒಂದು ಹನಿ ಬರೂದಿಲ್ಲ. ಬೇಫಿಕರ್ ಹೋಗಿ ಬಾ."

ದುರಗಪ್ಪ ಬೀಡಿಯ ಬೂದಿ ಕೊಡವಿದ. "ಹೋಗಿ ಬಾ, ನಾ ಯಾಕ ಬ್ಯಾಡ ಅನ್ನಲಿ?" ಎಂದ. ಅಂದದ್ದು ಬಾಯಿ. ಕಣ್ಣು ಗೇಟಿನ ಚಕ್ರದ ಮೇಲಿತ್ತು.

ಶರೀಫಸಾಬನ ಹೆಂಡತಿ ಖುರ್ಷೀದಬೇಗಂಗೆ ಹಂದಿಯ ಹೊಗೆ ಆಗದು. ಆಗಬಾರದು ಕೂಡ. ಮೊದಲ ವರ್ಷ ಆ ಹೊಗೆ ಗೋಡೆ ಹತ್ತಿ ಅವಳ ಅಂಗಳಕ್ಕೆ ಇಳಿದಾಗ ಅವಳು ಒಣಹಾಕಿದ ಬಟ್ಟೆಯನ್ನೆಲ್ಲ ಮತ್ತೆ ನೀರಿಗೆ ಹಾಕಿ, ಮೂರು ಸಂಜೆ ಇವಳ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಒಲೆ ಹೂಡುವ ಮುನ್ನಾದಿನ ತಿಮ್ಮವ್ವ ಗೋಡೆ ತಟ್ಟಬೇಕು. ತಟ್ಟಿದ ಕೂಡಲೇ ಖುರ್ಷೀದಬೇಗಂ ಗಂಟು ಕಟ್ಟಿ ಸುರಪುರದ ತವರಿಗೆ ಹೋಗಿ, ಹೊಗೆ ತಿಳಿಯಾದ ಮೇಲೆ ಬರುವಳು.

ಆ ಸಲವೂ ತಿಮ್ಮವ್ವ ಗೋಡೆ ತಟ್ಟಿದಳು. ಆ ಕಡೆಯಿಂದ ತಟ್ಟನೆ ಮುಖ ಮೇಲೆ ಬಂತು.

"ನಾಳಿಗೇನ? ಯಾ ಅಲ್ಲಾ, ಇಷ್ಟು ತಡಾ ಮಾಡ್ತಾರೇನ ಬೇ! ಹೋದ ವಾರದಿಂದ ಗಂಟು ಕಟ್ಟಿ ಕುಂತೀನಿ."

"ನಿನಗೇನವ್ವ, ನನ್ನ ಹೊಗಿಯಿಂದ ವರ್ಷಕ್ಕೊಮ್ಮಿ ತವರು."

"ಹೌದು ಮತ್ತ! ನಮ್ಮ ಮಂದಿ ಹಾಂಗ ಕಳಸ್ತಾರೇನು? ಹೊಗಿ ಬರ್ತದ ಅಂದ್ರ ಜೀಪಿನ್ಯಾಗ ಬಿಟ್ಟು ಬರ್ತಾರ." ಖುರ್ಷೀದಬೇಗಂ ನಕ್ಕಳು. ನಕ್ಕವಳು ನಿಂತಳು. "ನಿನ್ನ ಹೊಗಿ ನನಗ ಊರು ತೋರಿಸ್ತು. ನಿನಗ ಏನು ತೋರಿಸ್ತು, ತಿಮ್ಮವ್ವ?"

"ಈ ಸಲ ನಾನೂ ಹೊಂಟೀನಿ."

"ಕಸಮ್?"

"ಖರೇನ."

"ಹತ್ತಿದ ಮ್ಯಾಲೆ ಹೇಳು, ನಂಬ್ತೀನಿ" ಎಂದು ಖುರ್ಷೀದಬೇಗಂ ಗೋಡೆಯಿಂದ ಇಳಿದಳು.

ಸಂಜೆ ಮಾಂಸ ಬಂತು. ಹಂದಿಯ ಭುಜದ ಭಾಗ, ಮೂಳೆ ಸಮೇತ, ಅಂಗೈ ದಪ್ಪದ ಬಿಲ್ಲೆಗಳು. ತೆಳ್ಳಗೆ ಕೊಯ್ದರೆ ಹೊಗೆಗೆ ಒಣಗಿ ಚಕ್ಕೆಯಾಗುತ್ತದೆ, ದಪ್ಪಗೆ ಬಿಟ್ಟರೆ ನಡುವೆ ಹಸಿ ಉಳಿಯುತ್ತದೆ. ತಿಮ್ಮವ್ವ ಉಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಹುಣಸೆಯ ರಸ ಕೂಡಿಸಿ ಒಂದೊಂದೇ ಬಿಲ್ಲೆಗೆ ತಿಕ್ಕಿ, ಮಣ್ಣಿನ ಹರವಿಯಲ್ಲಿಟ್ಟು ಮೇಲೆ ಕಲ್ಲು ಹೇರಿದಳು.

ಬೆಳಕು ಹರಿಯುತ್ತಲೇ ಹಿತ್ತಲಲ್ಲಿ ಒಲೆ ಹೂಡಿದಳು. ಅವಳ ಒಲೆ ನೋಡಲು ಒಲೆಯಂತಿರಲಿಲ್ಲ. ನಾಲ್ಕು ಪರಸಿ ಕಲ್ಲು ನಿಲ್ಲಿಸಿ, ಕಾಲುವೆಯ ಕಟ್ಟಡದಲ್ಲಿ ಮಿಕ್ಕ ಸರಳುಗಳನ್ನು ತಂತಿಯಿಂದ ಹೆಣೆದ ಜಾಲರಿ ಹೊದಿಸಿದ್ದಳು. ಬೆಂಕಿ ಒಂದು ತುದಿಗೆ, ಮಾಂಸ ಇನ್ನೊಂದು ತುದಿಗೆ. ಬೆಂಕಿ ಮಾಂಸದ ಕೆಳಗೆ ಬರಬಾರದು, ಕೊಬ್ಬು ಕರಗಿ ಕೆಂಡಕ್ಕೆ ಬಿದ್ದರೆ ಹೊಗೆಗೆ ಕಮಟು ಹತ್ತುತ್ತದೆ. ಮೇಲೆ, ತಾನು ಒಂದು ಕಾಲಕ್ಕೆ ಮಣ್ಣು ಹೊತ್ತ ಕಬ್ಬಿಣದ ಬುಟ್ಟಿಗಳನ್ನು ಬೋರಲು ಹಾಕಿ, ಸಂದಿಗೆ ಒದ್ದೆ ಗೋಣಿ ತುರುಕುವಳು. ಉರಿಗೆ ಜಾಲಿ ಕಟ್ಟಿಗೆ, ಹೊಗೆಗೆ ನೀರು ಚಿಮುಕಿಸಿದ ತೊಗರಿ ಹೊಟ್ಟು. ಕಾಲುವೆ ಬಂದ ಮೇಲೆ ತೊಗರಿಯ ಹೊಲಗಳೆಲ್ಲ ಭತ್ತ ಹತ್ತಿಗೆ ತಿರುಗಿದ್ದವು. ಹತ್ತಿಯ ಕಟ್ಟಿಗೆ ಬೇಕಾದಷ್ಟು ಬಿದ್ದಿರುತ್ತಿತ್ತು, ಆದರೆ ಅದು ಔಷಧಿ ಕುಡಿದ ಕಟ್ಟಿಗೆ, ಅದರ ಹೊಗೆಯಲ್ಲಿ ಬೆಂದದ್ದನ್ನು ನಾಯಿ ಕೂಡ ಮೂಸುವುದಿಲ್ಲ. ತೊಗರಿ ಹೊಟ್ಟಿಗಾಗಿ ಅವಳು ಸುಗ್ಗಿಯಲ್ಲೇ ನೀರಿಲ್ಲದ ಮೇಲ್ಹೊಲದವರಿಗೆ ಹೇಳಿ ಚೀಲ ತುಂಬಿಸಿ ಇಡುತ್ತಿದ್ದಳು.

ಬೆಳ್ಳಗೆ ದಟ್ಟವಾಗಿ ಬರುವ ಹೊಗೆ ಕಹಿ. ಅದು ಹೋಗಿ, ತೆಳ್ಳಗೆ ನೀಲಿಯಾಗಿ, ಇದೆಯೋ ಇಲ್ಲವೋ ಎನ್ನುವಂತೆ ಏಳುವ ಹೊಗೆ ಬರುವ ತನಕ ಅವಳು ಮಾಂಸ ಇಡುವುದಿಲ್ಲ. ಇಟ್ಟ ಮೇಲೆ ಬೆಂಕಿ ಬಿಟ್ಟು ಕದಲುವುದಿಲ್ಲ. ಉರಿ ಎದ್ದರೆ ಬೂದಿ, ಕುಗ್ಗಿದರೆ ಊದುಕೊಳವೆ. ಗೇಟಿನ ಮನೆಯಲ್ಲಿ ಅವಳು ಕೂತದ್ದು ಯಾವಾಗಲೂ ಹೀಗೆಯೇ, ಬಿಟ್ಟು ಏಳುವಂತಿಲ್ಲದ ಯಾವುದೋ ಒಂದರ ಮುಂದೆ. ಆದರೆ ಅಂದು ಅದು ಭಾರ ಅನಿಸಲಿಲ್ಲ. ಸೀರೆಯೊಂದು, ರವಿಕೆಯೆರಡು ಗಂಟಿನಲ್ಲಿ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು.

ಹೊತ್ತು ನೆತ್ತಿಗೆ ಬಂದಾಗ ಗೋಣಿ ಒಣಗಿತು. ಗೋಣಿ ನೆನೆಸಲು ಕೊಡದಲ್ಲಿ ನೀರಿಲ್ಲ. ದುರಗಪ್ಪ ತಾನಾಗಿಯೇ ಕೋಲು ಊರುತ್ತ ಹಿತ್ತಲಿಗೆ ಬಂದ.

"ನೀ ಬೋರಿಂಗಿಗಿ ಹೋಗಿ ಬಾ. ನಾ ಕುಂದರ್ತೀನಿ."

"ಬುಟ್ಟಿ ಎತ್ತಬ್ಯಾಡ ಮತ್ತ. ಗಾಳಿ ಹೊಕ್ರ ಉರಿ ಏಳ್ತದ."

"ಕಲ್ಲು ಸೀಳಿದಾಂವಗ ಉರಿ ಕಲಸ್ತೀಯೇನು? ಹೋಗು."

ಬೋರಿಂಗು ಹತ್ತಿರದಲ್ಲೇ ಇತ್ತು. ಅವಳು ಕೊಡ ತುಂಬಿ ತಿರುಗಿ ಬಂದಾಗ ದುರಗಪ್ಪ ಬಿಟ್ಟಲ್ಲೇ ಕೂತಿದ್ದ. ಗೋಣಿ ತೋಯಿಸಿ ಸಂದಿಗೆ ಹಾಕಿದಳು. ಅವನು ಕೋಲು ಊರುತ್ತ ಒಳಗೆ ಹೋದ.

ಮಧ್ಯಾಹ್ನ ಜಾರಿದ ಮೇಲೆ ಬುಟ್ಟಿಗಳನ್ನು ಎತ್ತಿದಳು. ಬಿಲ್ಲೆಗಳು ಹುಣಸೆ ಬೀಜದ ಬಣ್ಣಕ್ಕೆ ತಿರುಗಿದ್ದವು. ಮಾಂಸ ಮೂಳೆಯಿಂದ ಉಗುರಿನಷ್ಟು ಹಿಂದೆ ಸರಿದಿತ್ತು, ಬೆರಳಿಂದ ಒತ್ತಿದರೆ ಮೆತ್ತಗೆ ತಗ್ಗಿ ಮತ್ತೆ ಮೇಲೇಳುತ್ತಿತ್ತು. ಹದ ಅಂದರೆ ಹದ. ಮೂಲೆಯ ಬಿಲ್ಲೆಗೆ ಕೈ ಹಾಕಿದಾಗ ಅವಳ ಕೈ ನಿಂತಿತು. ಅದರ ಒಂದು ಅಂಚು ಇರಲಿಲ್ಲ. ಉಳಿದದ್ದೆಲ್ಲ ಕಂದು, ಕೊಯ್ದ ಕಡೆ ಮಾತ್ರ, ಕಲ್ಲಿಗೆ ಒತ್ತಿ ಇಟ್ಟದ್ದರಿಂದ ಹೊಗೆ ತಾಗದೆ, ಹಸುಗೂಸಿನ ಅಂಗಾಲಿನ ಹಾಗೆ ನಸುಗೆಂಪಗಿತ್ತು.

ನಾಯಿಯಾಗಿದ್ದರೆ ಎಳೆದುಕೊಂಡು ಹೋಗುತ್ತಿತ್ತು. ಬೆಕ್ಕಿಗೆ ಕಬ್ಬಿಣದ ಬುಟ್ಟಿ ಏಳುವುದಿಲ್ಲ. ಇದು ಚಾಕುವಿನ ಕೊಯ್ತ. ನೆಟ್ಟಗೆ, ಎಳೆಯ ಗುಂಟ, ಕಲ್ಲು ಸೀಳುವವನು ಸೀಳಿದ ಹಾಗೆ.

ತಿಮ್ಮವ್ವ ಬಾಗಿಲ ಕಡೆ ನೋಡಿದಳು. ಒಳಗೆ ಕತ್ತಲು, ಬೀಡಿಯ ಚುಕ್ಕೆ. ಕೂಗಬೇಕೆಂದು ಬಾಯಿ ತೆರೆದಳು, ಮುಚ್ಚಿದಳು. ಕೂಗಿದರೆ ಬೀದಿಗೆ ಬಿತ್ತು, ಬೀದಿಗೆ ಬಿದ್ದರೆ ಅಣ್ಣನ ಕಿವಿಗೆ ಬಿತ್ತು. ಆ ಬಿಲ್ಲೆಯನ್ನು ಮತ್ತೆ ಜಾಲರಿಯ ಮೇಲಿಟ್ಟು, ಕೊಯ್ದ ಮುಖವನ್ನು ಹೊಗೆಯ ಕಡೆ ತಿರುಗಿಸಿ, ಇದ್ದಬದ್ದ ತೊಗರಿ ಹೊಟ್ಟನ್ನೆಲ್ಲ ಕೆಂಡಕ್ಕೆ ಸುರಿದು ಬುಟ್ಟಿ ಮುಚ್ಚಿದಳು. ತನ್ನ ಜೀವಮಾನದಲ್ಲಿ ಅವಳು ಹೊಗೆಯನ್ನು ಅವಸರಪಡಿಸಿದ್ದು ಅದೊಂದೇ ಸಲ. ಟ್ರಾಕ್ಟರಿನ ಸದ್ದು ಏರಿಯ ಮೇಲೆ ಕೇಳುವ ಹೊತ್ತಿಗೆ ಆ ಅಂಚು ಕಂದಾಗಿತ್ತು. ಉಳಿದವುಗಳ ನಡುವೆ ಇಟ್ಟು ಎಲೆ ಸುತ್ತಿದಳು.

ಡಬ್ಬಿಯಲ್ಲಿ ಹಾರೆ, ಗುದ್ದಲಿ, ತಟ್ಟಿ, ಪಾತ್ರೆಗಳ ನಡುವೆ ಹುಲಿಗೆವ್ವ ಕೌದಿ ಹೊದ್ದು ಕೂತಿದ್ದಳು. ಒಂದು ಹಿಡಿಯಷ್ಟಾಗಿದ್ದಳು.

"ಏಮೇ ಪಿಲ್ಲಾ" ಎಂದು ಮಗಳನ್ನು ಕರೆದಳು, ಮನೆಯ ತೆಲುಗಿನಲ್ಲಿ. "ಬುತ್ತಿ ತಾ ಇಲ್ಲಿ."

ಪ್ರತಿ ವರ್ಷದ ಹಾಗೆ ಎಲೆ ಬಿಚ್ಚಿ ಒಂದೊಂದೇ ಬಿಲ್ಲೆಯನ್ನು ಬೆರಳಿಂದ ಸವರಿದಳು. ಹೊಗೆಯ ಸಿಪ್ಪೆ ಎಲ್ಲಿ ದಪ್ಪ, ಎಲ್ಲಿ ತೆಳ್ಳಗೆ ಎಂದು ಆ ಬೆರಳಿಗೆ ಗೊತ್ತು. ಒಂದು ಬಿಲ್ಲೆಯ ಅಂಚಿನಲ್ಲಿ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು.

"ಇಲ್ಲಿ ಸಿಪ್ಪಿ ಎಳೀದು" ಎಂದಳು. "ಇದನ್ನ ಯಾರು ಮುರದಾರ?"

ಟ್ರಾಕ್ಟರಿನ ಮೇಲಿದ್ದ ಭಾಗಣ್ಣ ತಿರುಗಿ ನೋಡಿದ. ತಿಮ್ಮವ್ವನ ಕಂಕುಳಲ್ಲಿ ಗಂಟಿತ್ತು. ಅದನ್ನು ಇನ್ನಷ್ಟು ಒತ್ತಿ ಹಿಡಿದಳು.

"ನಾ ತಿಂದೀನಿ."

ಹೇಳಿದವನು ದುರಗಪ್ಪ, ಗೋಡೆ ಹಿಡಿದು ನಿಂತಿದ್ದ.

"ನಾನs ತಿಂದೀನಿ, ಅತ್ತಿ. ಹೊಟ್ಟಿಗಿಲ್ಲದ ತಿಂದಿಲ್ಲ. ತಿಂದ್ರ ಇಕಿ ಹೋಗೂದಿಲ್ಲಂತ ತಿಂದೀನಿ."

ತಿಮ್ಮವ್ವ ಗಂಡನನ್ನೇ ನೋಡಿದಳು. "ಹೋದ ವರ್ಷ ಕಾಲು ಬಾತಿದ್ದು?"

"ಅದು ಖರೇನ."

"ಅದರ ಹಿಂದಿನ ವರ್ಷದ ಜ್ವರ?"

ದುರಗಪ್ಪ ಕೋಲಿನ ತುದಿಯಿಂದ ಮಣ್ಣು ಕೆದರಿದ. "ಅದು ಅಷ್ಟು ಖರೇ ಅಲ್ಲ" ಎಂದ. ಡಬ್ಬಿಯಲ್ಲಿದ್ದ ಹೆಂಗಸೊಬ್ಬಳಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹೋಯಿತು. ದುರಗಪ್ಪ ನಗಲಿಲ್ಲ. "ಒಮ್ಮಿ ಹೋದ್ರ ನೀ ತಿರುಗಿ ಬರಾಕಿಯಲ್ಲ. ನಾ ಈ ಚಕ್ರ ಎದಿಗಿ ಅವಚಿಕೊಂಡು ಕುಂದರಲೇನು? ನನಗೂ ಬ್ಯಾರೆ ಎಲ್ಲಿ ಜಾಗಾ ಅದ?"

ಆ ಮಾತು ತಿಮ್ಮವ್ವನಿಗೆ ತಾಗದೆ ಇರಲಿಲ್ಲ. ಇಷ್ಟು ವರ್ಷ ತನ್ನನ್ನು ಕಟ್ಟಿದ್ದು ಗೇಟು ಎಂದುಕೊಂಡಿದ್ದಳು. ಹಗ್ಗದ ಇನ್ನೊಂದು ತುದಿ ಈ ಮನುಷ್ಯನ ಕೊರಳಿಗಿತ್ತು.

ಹುಲಿಗೆವ್ವ ಬಿಲ್ಲೆಯನ್ನು ಎಲೆಯಲ್ಲಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬುತ್ತಿ ಮುರದದ, ಭಾಗಣ್ಣಾ. ಈ ಮನಿಯವರು ಬರೂದಿಲ್ಲ. ಆಕಿ ಪಾಲು ಇಳಸು, ಹೊಂಡೂನು." ಹೇಳಿ ಮಗಳ ಗಲ್ಲಕ್ಕೆ ಕೈ ಚಾಚಿದಳು, ಪ್ರತಿ ವರ್ಷದ ಹಾಗೆ.

ಆ ಕೈ ಮುಟ್ಟುವ ಮೊದಲೇ ತಿಮ್ಮವ್ವ ಹಿಂದೆ ಸರಿದಳು. ಅಣ್ಣ ಇಳಿಸಿದ ಪಾಲಿನಿಂದ ಮುರಿದ ಬಿಲ್ಲೆಯನ್ನೇ ಎತ್ತಿ, ಗಂಡನ ಮುಂದೆ, ಅಣ್ಣನ ಮುಂದೆ, ಅಲ್ಲೇ ಅಂಗಳದಲ್ಲಿ ಕಚ್ಚಿದಳು. ಉಪ್ಪು ಹತ್ತಿತು, ಹುಣಸೆಯ ಹುಳಿ ಹತ್ತಿತು, ಆಮೇಲೆ ನಿಧಾನಕ್ಕೆ ಕರಗುವ ಕೊಬ್ಬಿನ ಸಿಹಿ. ಅಂಚಿನಲ್ಲಿ ಮಾತ್ರ ಅವಸರದ ಹೊಗೆಯ ಕಹಿ. ತನ್ನ ಕೈಯ ರುಚಿ ಇದು ಎಂದು ಅವಳಿಗೆ ಅವತ್ತು ತಿಳಿಯಿತು. ನುಂಗಿ ಬಾಯಿ ಒರಸಿಕೊಂಡಳು.

"ಅವ್ವ, ಬುತ್ತಿ ಎಲ್ಲಿ ಬಿಚ್ಚತಾರೋ ಅದs ಮುಕ್ಕಾಂ ಅಂತಿದ್ದಿ."

"ಅಂತಿದ್ದೆ."

"ಇಲ್ಲಿ ಬಿಚ್ಚೈತಿ. ಇಂವ ತಿಂದಾನ, ನಾ ತಿಂದೀನಿ. ಅಂದಮ್ಯಾಲೆ ಇದು ನನ್ನ ಮನಿ ಅಲ್ಲ, ಮುಕ್ಕಾಂ. ಇಷ್ಟು ವರ್ಷ ನಾ ಮುಕ್ಕಾಮಿನ್ಯಾಗ ಇದ್ದೆ. ಮುಕ್ಕಾಂ ಕಿತ್ತು ಏಳಾವ್ರನ್ನ ಬ್ಯಾಡ ಅನ್ನಾಕ ಬರ್ತದೇನು?"

ಹುಲಿಗೆವ್ವ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು. "ಬರೂದಿಲ್ಲ" ಎಂದಳು. "ಸರೀರಿ ಎಲ್ಲಾರೂ, ಜಾಗಾ ಮಾಡ್ರಿ ಆಕಿಗೆ."

ತಿಮ್ಮವ್ವ ತನ್ನ ಪಾಲಿನ ಉಳಿದ ಬಿಲ್ಲೆಗಳನ್ನು ಒಲೆಯ ಜಾಲರಿಯ ಮೇಲೆ ಇಟ್ಟು ಬಂದಳು. ಕೆಂಡ ಇನ್ನೂ ಇತ್ತು. ಗಂಡನ ಎದುರು ನಿಂತು, "ಚಕ್ರದ ಎಡಗಡಿ ಹಲ್ಲು ಹಿಡಿತದ. ಎಣ್ಣಿ ಬಿಡು" ಎಂದಳು. "ಮಾಂಸ ಬೆಚ್ಚಗ ಅದ. ಸಾಬ್ರ ಮನಿ ಕಡಿ ವಾಸನಿ ಹೋಗಬಾರದು, ಗೋಣಿ ಮುಚ್ಚಿಡು."

ದುರಗಪ್ಪನ ಬಾಯಲ್ಲಿ ಒಂದು ಮಾತು ಬಂದು ನಿಂತದ್ದು ಎಲ್ಲರಿಗೂ ಕಂಡಿತು. ಮುಕ್ಕಾಮಿನಲ್ಲಿ ಕೇಳಬಾರದ ಮಾತು ಅದು. ಅವನೂ ಆ ಗುಂಪಿನಲ್ಲೇ ಹುಟ್ಟಿದವನು. ಕೇಳಲಿಲ್ಲ. ಕೋಲು ಊರುತ್ತ ಡಬ್ಬಿಯ ತನಕ ಬಂದು, ಅವಳು ಹತ್ತುವಾಗ ಗಂಟು ಹಿಡಿದುಕೊಂಡ. ಹತ್ತಿದ ಮೇಲೆ ಗಂಟು ಕೊಟ್ಟ.

ಟ್ರಾಕ್ಟರು ಕಾಲುವೆಯ ಏರಿಯಿಂದ ಇಳಿದು ಡಾಂಬರು ರಸ್ತೆಗೆ ಬಂದಾಗ, ತಿರುವಿನಲ್ಲಿ ಶಹಾಪುರದ ಬಸ್ಸಿನಿಂದ ಖುರ್ಷೀದಬೇಗಂ ಇಳಿಯುತ್ತಿದ್ದಳು. ತವರಿನಲ್ಲಿ ಏನೋ ಮಾತಿಗೆ ಮಾತು ಬಂದು ಒಂದು ದಿನ ಮುಂಚೆಯೇ ಹೊರಟಿದ್ದಳಂತೆ. ಡಬ್ಬಿಯ ವಾಸನೆಗೆ ಸೆರಗು ಮೂಗಿಗೆ ಹೋಯಿತು. ಆಮೇಲೆ ಹಾರೆ ಗುದ್ದಲಿಗಳ ನಡುವೆ ಕೂತ ಮುಖ ಕಂಡಿತು. ಮೂಗು ಮುಚ್ಚಿಕೊಂಡೇ ಇನ್ನೊಂದು ಕೈ ಎತ್ತಿ ರಸ್ತೆಯ ನಡುವೆ ನಿಂತು ಕೂಗಿದಳು:

"ಹತ್ತೇಬಿಟ್ಟೆಲ್ಲ ಬೇ!"

ತಿಮ್ಮವ್ವನಿಗೆ ಕೈ ಎತ್ತಬೇಕೆನಿಸಿತು. ಎತ್ತಿದಳು. ಅಂಗೈ ಪೂರ್ತಿ ಅರಳಲಿಲ್ಲ. ಅದು ಚಕ್ರದ ಹಿಡಿಯ ಅಳತೆಗೇ ಮಡಚಿಕೊಂಡಿತ್ತು. ಹುಲಿಗೆವ್ವ ಆ ಕೈಯನ್ನು ಹಾಗೇ ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡು, ಭೀಮೆಯ ತನಕ ಒಂದೊಂದೇ ಬೆರಳನ್ನು ಬಿಡಿಸುತ್ತ ಕೂತಳು.